ಚಂಕ್‌ಗಳ ನಡುವೆ ತುಂಡಾದ ಕನ್ನಡ ಅಕ್ಷರ: ರಸ್ಟ್‌ನಲ್ಲಿ ನನ್ನ ಅನುಭವ

ಕನ್ನಡದ ಪದಪಟ್ಟಿ ಒಂದನ್ನು ಮಾಡಬೇಕಿತ್ತು. ಅದಕ್ಕೆ ಜಾಸ್ತಿ ಪಠ್ಯ ಬೇಕು. ವೆಬ್‌ನಿಂದ ಫೈಲ್‌ಗಳನ್ನು ಇಳಿಸಿಕೊಳ್ಳುವ ಚಿಕ್ಕ ಪ್ರೋಗ್ರಾಂ ಬರೆದೆ. ಪ್ರೋಗ್ರಾಮಿಂಗ್ ಭಾಷೆ ರಸ್ಟ್, ವೆಬ್ ಸರ್ವರ್ ಜೊತೆ ಮಾತಾಡುವ ಎಚ್‌ಟಿಟಿಪಿಗೆ ರೆಕ್ವೆಸ್ಟ್ (reqwest) ಎನ್ನುವ ಕ್ರೇಟ್, ಅಂದರೆ ಸಿದ್ಧ ಲೈಬ್ರರಿ. ರಾತ್ರಿ ಓಡಲು ಬಿಟ್ಟು ಮಲಗಿದೆ.

ಬೆಳಿಗ್ಗೆ ನೋಡಿದರೆ ಲಾಗ್‌ನಲ್ಲಿ ಎರರ್ ಒಂದೂ ಇಲ್ಲ. ಆದರೆ ಫೋಲ್ಡರ್‌ನಲ್ಲಿ ಹತ್ತಾರು ಫೈಲ್‌ಗಳು ಒಂದೇ ಸೈಜಿನವು. ತೆರೆದು ನೋಡಿದೆ. ಎಲ್ಲದರಲ್ಲೂ ಅದೇ 'ಪುಟ ಸಿಗಲಿಲ್ಲ' ಎನ್ನುವ ಎಚ್‌ಟಿಎಂಎಲ್.

ಸರ್ವರ್ 404 (ಪುಟ ಸಿಗಲಿಲ್ಲ) ಕಳಿಸಲಿ, 500 (ಸರ್ವರ್‌ನಲ್ಲೇ ತೊಂದರೆ) ಕಳಿಸಲಿ, ರೆಕ್ವೆಸ್ಟ್‌ನಲ್ಲಿ ಕೋರಿಕೆ ಕಳಿಸುವ ಸೆಂಡ್ ಮೆಥಡ್ ಕೊಡುವುದು 'ಓಕೆ' ಅನ್ನೇ. ಕನೆಕ್ಷನ್ ಸಿಗದಿದ್ದರೆ, ಕಾಯುವ ಸಮಯ ಮೀರಿ ಟೈಮ್‌ಔಟ್ ಆದರೆ, ಇಂಥ ಸಂದರ್ಭಗಳಲ್ಲಿ 'ಎರ್' (ಎರರ್) ಬರುತ್ತದೆ. ಯೋಚಿಸಿದರೆ ಇದೇ ಸರಿ. ಕೇಳಿದ ಪ್ರಶ್ನೆಗೆ ಉತ್ತರವಂತೂ ಬಂತಲ್ವಾ? ಅದು ನಮಗೆ ಬೇಕಾದ ಉತ್ತರವೇ ಎಂದು ನೋಡುವುದು ನಮ್ಮ ಕೆಲಸ. ಇದಕ್ಕೆ 'ಎರರ್ ಫಾರ್ ಸ್ಟೇಟಸ್' ಎನ್ನುವ ಮೆಥಡ್ ಇದೆ. 4 ಅಥವಾ 5ರಿಂದ ಶುರುವಾಗುವ ಕೋಡ್ ಬಂದರೆ ಅದನ್ನು ಎರರ್ ಮಾಡಿ ಕೊಡುತ್ತದೆ. ಆದರೆ ಹಾಗೆ ಮಾಡಿದರೆ ಬಾಡಿ, ಅಂದರೆ ಉತ್ತರದ ಒಳಗಿನ ಪಠ್ಯ, ಕೈತಪ್ಪಿ ಹೋಗುತ್ತದೆ. ಯಾಕೆ ಆಗಲಿಲ್ಲ ಎಂದು ಸರ್ವರ್ ಬರೆದು ಕಳಿಸುವುದು ಎಷ್ಟೋ ಸಲ ಆ ಬಾಡಿಯಲ್ಲೇ. ಹಾಗಾಗಿ ನಾನು ಸ್ಟೇಟಸ್ ಅನ್ನು ನಾನೇ ನೋಡಿ, ಸರಿ ಇಲ್ಲದಿದ್ದರೆ ಬಾಡಿಯ ಮೊದಲ ಸ್ವಲ್ಪ ಭಾಗ ಓದಿ ಲಾಗ್‌ಗೆ ಹಾಕುತ್ತೇನೆ.

ಹಾಗೆ ಬರೆಯುವಾಗ ಕಂಪೈಲರ್ ತಡೆಯಿತು. ಮೊದಲು ಟೆಕ್ಸ್ಟ್ ಓದಿ, ಆಮೇಲೆ ಸ್ಟೇಟಸ್ ಕೇಳಿದ್ದೆ. 'ಟೆಕ್ಸ್ಟ್' ಮೆಥಡ್ ಇಡೀ ರೆಸ್ಪಾನ್ಸ್‌ನ (ಸರ್ವರ್ ಕೊಟ್ಟ ಉತ್ತರದ) ಓನರ್‌ಶಿಪ್, ಅಂದರೆ ಒಡೆತನ, ತೆಗೆದುಕೊಳ್ಳುತ್ತದೆ. ಅದಾದ ಮೇಲೆ ಆ ರೆಸ್ಪಾನ್ಸ್ ನಮ್ಮ ಕೈಯಲ್ಲಿ ಇರುವುದಿಲ್ಲ. ಮೊದಲು ಕಿರಿಕಿರಿ ಆಯಿತು, ಆಮೇಲೆ ಅರ್ಥವಾಯಿತು. ಬಾಡಿ ಎನ್ನುವುದು ಪೆಟ್ಟಿಗೆಯಲ್ಲಿಟ್ಟ ವಸ್ತು ಅಲ್ಲ. ನಲ್ಲಿಯಿಂದ ಬರುವ ನೀರಿನ ಹಾಗೆ, ಒಮ್ಮೆ ಹಿಡಿದರೆ ಮುಗಿಯಿತು. ಸೆಂಡ್ ಮುಗಿದಾಗ ನಮಗೆ ಸಿಕ್ಕಿರುವುದು ಸ್ಟೇಟಸ್ ಮತ್ತು ಹೆಡರ್‌ಗಳು (ಉತ್ತರದ ಬಗೆಗಿನ ಮಾಹಿತಿ) ಮಾತ್ರ. ಬಾಡಿ ಇನ್ನೂ ದಾರಿಯಲ್ಲಿರುತ್ತದೆ. 200 (ಎಲ್ಲ ಸರಿ ಎನ್ನುವ ಕೋಡ್) ನೋಡಿದೆವು ಎಂದ ಮಾತ್ರಕ್ಕೆ ಫೈಲ್ ಪೂರ್ತಿ ಬಂತು ಎಂದಲ್ಲ.

ದೊಡ್ಡ ಫೈಲ್‌ಗಳನ್ನು ಪೂರ್ತಿ ಮೆಮೊರಿಗೆ ತುಂಬಿಕೊಳ್ಳುವುದು ಬೇಡ ಎಂದು ಚಂಕ್ ಚಂಕ್ ಆಗಿ, ಅಂದರೆ ಬಂದ ಹಾಗೇ ತುಂಡು ತುಂಡಾಗಿ, ಓದಲು ಹೊರಟೆ. ಬಂದ ಪ್ರತಿ ಚಂಕ್ ಅನ್ನು 'ಫ್ರಮ್ ಯುಟಿಎಫ್8 ಲಾಸಿ'ಗೆ ಕೊಟ್ಟು ಸ್ಟ್ರಿಂಗ್ (ಪಠ್ಯ) ಮಾಡಿದೆ. ಅರ್ಥವಾಗದ ಬೈಟ್ ಇದ್ದಲ್ಲಿ ಅದು ಎರರ್ ಕೊಡದೆ ಒಂದು ಗುರುತು ಹಾಕುತ್ತದೆ. ಟೆಸ್ಟ್‌ಗಳೆಲ್ಲ ಪಾಸ್. ಆದರೆ ಪದಪಟ್ಟಿಯಲ್ಲಿ ಅಲ್ಲೊಂದು ಇಲ್ಲೊಂದು ಪದದ ನಡುವೆ ಕಪ್ಪು ವಜ್ರದೊಳಗಿನ ಪ್ರಶ್ನಾರ್ಥಕ ಚಿಹ್ನೆ ಕಾಣಿಸತೊಡಗಿತು. ಸುಮಾರು ಎರಡು ದಿನ ಮೂಲ ಫೈಲ್‌ಗಳೇ ಕೆಟ್ಟಿವೆ ಎಂದುಕೊಂಡಿದ್ದೆ. ಬ್ರೌಸರ್‌ನಲ್ಲಿ ತೆರೆದರೆ ಎಲ್ಲ ಸರಿಯಾಗಿಯೇ ಇತ್ತು.

ಕೊನೆಗೆ ಬೈಟ್‌ಗಳನ್ನೇ ಪ್ರಿಂಟ್ ಮಾಡಿ ನೋಡಿದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್8 ಕ್ರಮದಲ್ಲಿ 'ಕ' ಎಂದರೆ 3 ಬೈಟ್: 224, 178, 149. ಒಂದು ಚಂಕ್ 224, 178ಕ್ಕೆ ಮುಗಿದಿತ್ತು. ಮುಂದಿನದು 149ರಿಂದ ಶುರುವಾಗಿತ್ತು. ಅಕ್ಷರ ನಡುವೆ ತುಂಡಾಗಿತ್ತು. ಲಾಸಿ ಎರಡೂ ತುಂಡುಗಳಿಗೆ ಒಂದೊಂದು ಗುರುತು ಹಾಕಿ ಸುಮ್ಮನೆ ಮುಂದೆ ಹೋಗಿತ್ತು. ಇಂಗ್ಲಿಷ್‌ನ ಅಕ್ಷರಕ್ಕೆ ಒಂದೇ ಬೈಟ್, ಅದು ತುಂಡಾಗುವ ಮಾತೇ ಇಲ್ಲ. ನಮ್ಮ 'ಕ್ಷ'ಕ್ಕೆ 9 ಬೈಟ್ ಬೇಕು. ನನ್ನ ಟೆಸ್ಟ್‌ಗಳಲ್ಲಿ ಇದ್ದದ್ದು ಇಂಗ್ಲಿಷ್ ಪಠ್ಯ, ಅದೂ ಒಂದೇ ಚಂಕ್‌ನಲ್ಲಿ ಬರುವಷ್ಟು ಚಿಕ್ಕದು. ಕನ್ನಡಕ್ಕಾಗಿಯೇ ಮಾಡಿದ ಪ್ರೋಗ್ರಾಂನಲ್ಲಿ ಕನ್ನಡದ ಟೆಸ್ಟ್ ಇಲ್ಲದಿದ್ದುದು ನನಗೆ ಇವತ್ತಿಗೂ ಬೇಸರದ ವಿಷಯ.

ಪರಿಹಾರ ಸರಳ. ಚಂಕ್ ಬಂದ ಕೂಡಲೇ ಸ್ಟ್ರಿಂಗ್ ಮಾಡುವುದಿಲ್ಲ. ಬೈಟ್‌ಗಳನ್ನು ಒಂದು ಬಫರ್‌ಗೆ, ಅಂದರೆ ಮೆಮೊರಿಯ ತಾತ್ಕಾಲಿಕ ಜಾಗಕ್ಕೆ, ಸೇರಿಸುತ್ತೇನೆ. ಸಾಲು ಮುಗಿಯುವ ಬೈಟ್, ಅಂದರೆ 10, ಸಿಕ್ಕಾಗ ಅಲ್ಲಿಯವರೆಗಿನದನ್ನು ಮಾತ್ರ ತೆಗೆದು ಸ್ಟ್ರಿಂಗ್ ಮಾಡುತ್ತೇನೆ. ಉಳಿದದ್ದು ಬಫರ್‌ನಲ್ಲೇ ಇದ್ದು ಮುಂದಿನ ಚಂಕ್‌ಗೆ ಕಾಯುತ್ತದೆ. ಕನ್ನಡ ಅಕ್ಷರದ ಎಲ್ಲ ಬೈಟ್‌ಗಳೂ 128 ಅಥವಾ ಅದಕ್ಕಿಂತ ಮೇಲಿರುತ್ತವೆ. ಹಾಗಾಗಿ 10 ಎನ್ನುವುದು ಅಕ್ಷರದ ಒಳಗೆ ಸಿಗಲು ಸಾಧ್ಯವಿಲ್ಲ. ಲಾಸಿಯನ್ನೂ ಬಿಟ್ಟೆ. ಈಗ ಬರೀ 'ಫ್ರಮ್ ಯುಟಿಎಫ್8'. ತಪ್ಪಿದ್ದರೆ ಅಲ್ಲೇ ಎರರ್ ಬರುತ್ತದೆ, ಸದ್ದಿಲ್ಲದೆ ಒಳಗೆ ಸೇರುವುದಿಲ್ಲ.

ಟೈಮ್‌ಔಟ್ ಬಗ್ಗೆ ಒಂದು ಮಾತು. ರೆಕ್ವೆಸ್ಟ್‌ನ ಬ್ಲಾಕಿಂಗ್ ಕ್ಲೈಂಟ್‌ಗೆ (ಉತ್ತರ ಬರುವವರೆಗೆ ನಿಂತು ಕಾಯುವಂಥದ್ದು) 30 ಸೆಕೆಂಡಿನ ಟೈಮ್‌ಔಟ್ ತಾನಾಗಿಯೇ ಇರುತ್ತದೆ. ಅಸಿಂಕ್ ಕ್ಲೈಂಟ್‌ಗೆ (ಕಾಯುವಾಗ ಬೇರೆ ಕೆಲಸಕ್ಕೆ ಬಿಡುವಂಥದ್ದು) ಇಲ್ಲ, ನಾವೇ ಹಾಕಬೇಕು. ದೊಡ್ಡ ಫೈಲ್‌ಗೆ ಒಟ್ಟು ಟೈಮ್‌ಔಟ್ ಸರಿಹೋಗಲಿಲ್ಲ, ಚೆನ್ನಾಗಿ ಬರುತ್ತಿದ್ದ ಫೈಲ್ ಅನ್ನೂ ಕತ್ತರಿಸಿಬಿಡುತ್ತದೆ. 'ರೀಡ್ ಟೈಮ್‌ಔಟ್' ಹಾಕಿದೆ. ಬೈಟ್ ಬರುತ್ತಿರುವವರೆಗೆ ಅದು ಕಾಯುತ್ತದೆ, ನಿಂತುಹೋದರೆ ಮಾತ್ರ ಬಿಡುತ್ತದೆ. ಅರ್ಧಕ್ಕೆ ನಿಂತ ಫೈಲ್ ಪೂರ್ತಿಯಾದದ್ದರ ಜೊತೆ ಸೇರಬಾರದಲ್ವಾ? ಅದಕ್ಕೆ ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಬಾಡಿ ಮುಗಿದ ಮೇಲೆ ನಿಜವಾದ ಹೆಸರು ಕೊಡುತ್ತೇನೆ.

ಈಗ ಟೆಸ್ಟ್‌ಗೆಂದೇ ನನ್ನ ಮಷೀನ್‌ನಲ್ಲಿ ಒಂದು ಪುಟ್ಟ ಸರ್ವರ್ ಇದೆ. ಅದು 'ಕನ್ನಡ' ಎನ್ನುವ ಒಂದೇ ಪದವನ್ನು ಕಳಿಸುತ್ತದೆ, ಒಂದೊಂದೇ ಬೈಟ್ ಆಗಿ, ನಡುನಡುವೆ ಸ್ವಲ್ಪ ಬಿಡುವು ಕೊಟ್ಟು. 15 ಬೈಟ್ ಬಂದು ಕೊನೆಗೆ ಆ 10 ಬಂದಾಗ ಪದ ಇಡಿಯಾಗಿ ಸಿಕ್ಕಿದರೆ ಮಾತ್ರ ಟೆಸ್ಟ್ ಪಾಸ್.