ಲೋಹದ ಮೂಲೆಗೆ ಕೈಫೈಲಿನಿಂದ ನುಣುಪಾದ ದುಂಡು ಕೊಡುವ ಬಗೆ

6 ಮಿ.ಮೀ. ದಪ್ಪದ ಮೈಲ್ಡ್ ಸ್ಟೀಲ್ ಪಟ್ಟಿಯ ಮೂಲೆಗೆ 10 ಮಿ.ಮೀ. ತ್ರಿಜ್ಯದ ದುಂಡು ಕೊಡಬೇಕಾಗಿದೆ ಎಂದಿಟ್ಟುಕೊಳ್ಳೋಣ. ಹೊಸದಾಗಿ ಕಲಿಯುವವರು ಫೈಲನ್ನು (ಅರವನ್ನು) ಕೈಗೆತ್ತಿಕೊಂಡ ಕೂಡಲೇ ಮೂಲೆಯ ಸುತ್ತ ಹೊರಳಿಸತೊಡಗುತ್ತಾರೆ. ಆಗ ಮೂಲೆ ಒಂದು ಕಡೆ ತಗ್ಗಿ, ಇನ್ನೊಂದು ಕಡೆ ಉಬ್ಬಿ, ಮೊಟ್ಟೆಯ ಆಕಾರ ತಾಳುತ್ತದೆ. ಒಳ್ಳೆಯ ದುಂಡು ಚಪ್ಪಟೆ ಮುಖಗಳಿಂದಲೇ ಹುಟ್ಟಬೇಕು.

ಮೊದಲು ಎರಡೂ ಅಂಚುಗಳು ಒಂದಕ್ಕೊಂದು ಲಂಬವಾಗಿವೆಯೇ ಎಂದು ಟ್ರೈ ಸ್ಕ್ವೇರ್ ಇಟ್ಟು ನೋಡಿಕೊಳ್ಳಿ. ಮೈಲುತುತ್ತದ ದ್ರಾವಣವನ್ನು ಸವರಿದರೆ ಉಕ್ಕಿನ ಮೇಲೆ ತಾಮ್ರದ ತೆಳುಪದರ ಕೂತು, ಎಳೆದ ಗೀರು ಸ್ಪಷ್ಟವಾಗಿ ಕಾಣುತ್ತದೆ. ಎರಡೂ ಅಂಚುಗಳಿಂದ 10 ಮಿ.ಮೀ. ಒಳಗೆ ಪಂಚ್‌ನಿಂದ ಹಗುರವಾದ ಚುಕ್ಕೆಯಿಟ್ಟು, ಡಿವೈಡರಿನಿಂದ ಕಂಸ ಎಳೆಯಿರಿ.

ತ್ರಿಜ್ಯವನ್ನು 0.586ರಿಂದ ಗುಣಿಸಿದರೆ, ಇಲ್ಲಿ 5.86 ಮಿ.ಮೀ. ಬರುತ್ತದೆ. ಮೂಲೆಯಿಂದ ಎರಡೂ ಅಂಚಿನ ಮೇಲೆ ಅಷ್ಟು ದೂರದಲ್ಲಿ ಗುರುತು ಹಾಕಿ ಸೇರಿಸಿದರೆ, ಆ 45 ಡಿಗ್ರಿಯ ಗೆರೆ ಕಂಸವನ್ನು ಮುಟ್ಟಿಕೊಂಡು ಹೋಗುತ್ತದೆ. ಗೆರೆಯ ಹೊರಗೆ ತುಸು ಉಳಿಸಿ ಹ್ಯಾಕ್ಸಾದಿಂದ ಕೊಯ್ದು, ಉಳಿದದ್ದನ್ನು 300 ಮಿ.ಮೀ. ಉದ್ದದ ಬಾಸ್ಟರ್ಡ್ (ಒರಟು ಹಲ್ಲಿನ) ಫೈಲಿನಿಂದ ತೆಗೆಯಿರಿ. ಇದರಿಂದ ಹುಟ್ಟಿದ ಎರಡು ಹೊಸ ಮೂಲೆಗಳನ್ನು ಸೆಕೆಂಡ್ ಕಟ್ (ಮಧ್ಯಮ ಹಲ್ಲಿನ) ಫೈಲಿನಿಂದ ಹಾಗೆಯೇ ಕಂಸದವರೆಗೆ ಇಳಿಸಿ. ಒಂದು ಮುಖ ಮೂರಾಗುತ್ತದೆ, ಮೂರು ಏಳಾಗುತ್ತವೆ. ಪ್ರತಿ ಸಲವೂ ಉಜ್ಜುವ ಮುಖ ಮೇಲಕ್ಕೆ ಸಮತಲವಾಗಿ ಬರುವಂತೆ ತುಂಡನ್ನು ವೈಸಿನಲ್ಲಿ ತಿರುಗಿಸಿ ಕಚ್ಚಿಸುವುದು ಬೇಸರದ ಕೆಲಸವೆನಿಸಿದರೂ, ಕೈ ಓರೆಯಾಗದಂತೆ ಕಾಯುವುದು ಅದೊಂದೇ. ವೈಸಿನ ದವಡೆಗೆ ಅಲ್ಯೂಮಿನಿಯಂ ತಗಡು ಹಾಕಿರಿ.

ಏಳು ಮುಖಗಳಾದ ಮೇಲೆ ಮಾತ್ರ ಸ್ಮೂತ್ (ನಯ ಹಲ್ಲಿನ) ಫೈಲನ್ನು ಹಿಡಿದು ತೂಗಬೇಕು. ಹೊಡೆತದ ಆರಂಭದಲ್ಲಿ ಹಿಡಿ ಮೇಲೆ, ತುದಿ ಕೆಳಗೆ ಇರಲಿ. ಫೈಲು ಮುಂದೆ ಸಾಗಿದಂತೆ ಹಿಡಿಯನ್ನು ಇಳಿಸುತ್ತಾ ತುದಿಯನ್ನು ಎತ್ತಿ, ಇಡೀ ಕಂಸವನ್ನು ಒಂದೇ ಹೊಡೆತದಲ್ಲಿ ಸವರಿ. ಹಲ್ಲುಗಳ ನಡುವೆ ಲೋಹದ ಚೂರು ಸಿಕ್ಕಿದರೆ ಆಳವಾದ ಗೀರು ಬೀಳುವುದರಿಂದ, ಮೊದಲೇ ಫೈಲಿಗೆ ಸೀಮೆಸುಣ್ಣ ತಿಕ್ಕಿ, ಆಗಾಗ ತಂತಿ ಬ್ರಷ್‌ನಿಂದ ಚೊಕ್ಕ ಮಾಡಿ. ತುಂಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ, ಮುಖಗಳ ಏಣು ಉಳಿದಿರುವಲ್ಲಿ ಹೊಳಪು ಮುರಿಯುತ್ತದೆ. ಕಣ್ಣಿಗೆ ಕಾಣದ ಏಣು ಉಗುರನ್ನು ಎಳೆದಾಗ ತಡೆಯುತ್ತದೆ. ದುಂಡಿಗೆ ತಾಗಿಸಿಟ್ಟ ರೇಡಿಯಸ್ ಗೇಜಿನ (ತ್ರಿಜ್ಯ ಪರೀಕ್ಷಿಸುವ ಬಾಗಿದ ಅಚ್ಚಿನ) ಹಿಂದಿನಿಂದ ಬೆಳಕು ಎಲ್ಲಿ ತೂರಿ ಬರುವುದಿಲ್ಲವೋ ಅಲ್ಲಿ ಇನ್ನೂ ಲೋಹ ಹೆಚ್ಚಿದೆ ಎಂದರ್ಥ. ಕೊನೆಯ ನುಣುಪಿಗೆ ಎಮರಿ ಬಟ್ಟೆಯನ್ನು ಫೈಲಿಗೆ ಸುತ್ತಿ ಉಜ್ಜಿದರೆ ಸಾಕು. ಬೆರಳಿನಿಂದ ಒತ್ತಿ ಉಜ್ಜಿದರೆ ಅಂಚುಗಳು ಸವೆಯುತ್ತವೆ.

ಒಂದೇ ಬಗೆಯ ಹಲವು ತುಂಡುಗಳಿದ್ದು, ದುಂಡಿನ ಕೇಂದ್ರದಲ್ಲಿ ರಂಧ್ರವೂ ಇದ್ದರೆ, ಅದೇ ತ್ರಿಜ್ಯದ, ಕಾಯಿಸಿ ಗಟ್ಟಿಗೊಳಿಸಿದ ಎರಡು ಉಕ್ಕಿನ ಬಿಲ್ಲೆಗಳನ್ನು ಎರಡೂ ಬದಿಗೆ ಬೋಲ್ಟಿನಿಂದ ಬಿಗಿಯಿರಿ. ಇವನ್ನು ಫೈಲಿಂಗ್ ಬಟನ್ ಎನ್ನುತ್ತಾರೆ. ಪಟ್ಟಿಯ ಲೋಹ ಬಿಲ್ಲೆಯ ಮಟ್ಟಕ್ಕೆ ಇಳಿದ ಕ್ಷಣ ಫೈಲು ಕಚ್ಚದೆ ಜಾರುತ್ತದೆ, ಸದ್ದೂ ಬದಲಾಗುತ್ತದೆ. ಅಲ್ಲಿಗೆ ಕೈ ನಿಲ್ಲಿಸಿ.