ಚಿತ್ರದ ಬೆನ್ನು ನೋಡಿ: ಕೇಕೂ ಗಾಂಧಿಯವರ ನೆನಪಲ್ಲಿ

ಮುಂಬೈಯಲ್ಲಿ ಕಲಾ ಗ್ಯಾಲರಿ ನಡೆಸಿದ ಕೇಕೂ ಗಾಂಧಿಯವರ ಕೆಲಸ ಶುರುವಾದದ್ದು ಚೌಕಟ್ಟಿನಿಂದ. 1941ರಲ್ಲಿ ಕೆಮೋಲ್ಡ್ ಫ್ರೇಮ್ಸ್ ಎಂಬ ಚೌಕಟ್ಟಿನ ಅಂಗಡಿ ಆರಂಭಿಸಿ, ಆ ಅಂಗಡಿಯಲ್ಲೇ ಆಗಿನ ಹೊಸ ಕಲಾವಿದರ ಚಿತ್ರ ತೂಗುಹಾಕಿದರು. 1963ರಲ್ಲಿ ಮಡದಿ ಖೋರ್ಶೆದ್ ಜತೆ ಜಹಾಂಗೀರ್ ಆರ್ಟ್ ಗ್ಯಾಲರಿಯ ಮಹಡಿಯಲ್ಲಿ ಗ್ಯಾಲರಿ ಕೆಮೋಲ್ಡ್ ತೆರೆದರು. 2009ರಲ್ಲಿ ಪದ್ಮಶ್ರೀ ಬಂತು, 2012ರಲ್ಲಿ ತೀರಿಕೊಂಡರು. ಫ್ರೇಮ್ ಕಟ್ಟುವವನಾಗಿ ಅವರಲ್ಲಿ ನನಗೆ ಹಿಡಿಸುವುದು ಚೌಕಟ್ಟಿನಿಂದ ಚಿತ್ರಕ್ಕೆ ಬಂದ ಈ ದಾರಿಯೇ. ಬಳ್ಳಾರಿಯಲ್ಲಿ ಚಿತ್ರ ಕೊಳ್ಳಲು ಹೊರಟವರಿಗೆ ನಾನೂ ಚೌಕಟ್ಟಿನಿಂದಲೇ ಶುರುಮಾಡಿ ಮೊದಲು ಹೇಳುವುದು, ಚಿತ್ರ ತಿರುಗಿಸಿ ಬೆನ್ನು ನೋಡಿ ಎಂದು.

ಕಾಗದದ ಮೇಲೆ ಬರೆದ ಚಿತ್ರದ ಬೆನ್ನಿಗೆ ಪ್ಲೈವುಡ್ ಅಥವಾ ಹಾರ್ಡ್‌ಬೋರ್ಡ್ ನೇರವಾಗಿ ತಾಗಿದ್ದರೆ ಅದರ ಆಮ್ಲ ಕಾಗದಕ್ಕೆ ಇಳಿದು ಕಂದು ಕಲೆ ಬೀಳುತ್ತದೆ. ಸೆಲ್ಲೋ ಟೇಪಿನ ಅಂಟು ನಮ್ಮ ಬೇಸಿಗೆಯ ಕಾವಿಗೆ ಕರಗಿ ಕಾಗದದೊಳಗೆ ಇಂಗುತ್ತದೆ. ಆ ಹಳದಿ ಕಲೆ ಆಮೇಲೆ ಬಿಡುವುದು ಬಹಳ ಕಷ್ಟ.

ನಾನು ಬಳಸುವುದು ಗೋಧಿ ಪಿಷ್ಟದ ಅಂಟು. ಒಂದು ಪಾಲು ಪಿಷ್ಟ, ನಾಲ್ಕೈದು ಪಾಲು ನೀರು. ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕೈಬಿಡದೆ ತಿರುವಿ, ಆರಿದ ಮೇಲೆ ಜರಡಿ ಹಿಡಿಯಬೇಕು. ಗೋಧಿ ಹಿಟ್ಟು ಆಗದು, ಅದರ ಅಂಟುಸತ್ವಕ್ಕೆ (ಗ್ಲುಟೆನ್) ಹುಳ ಬರುತ್ತದೆ. ತೆಳುವಾದರೂ ಗಟ್ಟಿ ನಾರಿನ ಜಪಾನಿ ಕಾಗದವನ್ನು ಕತ್ತರಿಸದೆ ಹರಿದು, ಎರಡು ಸೆಂ.ಮೀ. ಅಗಲದ ಎರಡು ಪಟ್ಟಿಗಳಿಂದ ಚಿತ್ರದ ಮೇಲಂಚನ್ನು ಮಾತ್ರ ಆಮ್ಲರಹಿತ ಬೋರ್ಡಿಗೆ ಹಿಡಿಸುತ್ತೇನೆ. ಉಳಿದ ಮೂರು ಅಂಚು ಬಿಡುವಾಗಿರಲೇಬೇಕು. ಮಳೆಗಾಲದಲ್ಲಿ ಕಾಗದ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನಾಲ್ಕೂ ಕಡೆ ಅಂಟಿಸಿದರೆ ಸುಕ್ಕು, ಕೆಲವೊಮ್ಮೆ ಬಿರುಕು.

ಗಾಜು ಚಿತ್ರಕ್ಕೆ ತಾಗಬಾರದು. ನಡುವೆ ಕಿಟಕಿ ಕೊರೆದ ದಪ್ಪ ರಟ್ಟು, ಅಂದರೆ ಮೌಂಟ್ ಬೋರ್ಡ್, ಇರಲಿ. ಪೇಸ್ಟೆಲ್ (ಒಣಬಣ್ಣದ ಕಡ್ಡಿ) ಚಿತ್ರವಾದರೆ ಒಳಗೆ ಪಟ್ಟಿ ಕೊಟ್ಟು ಇನ್ನೂ ಐದಾರು ಮಿ.ಮೀ. ಅಂತರ ಬಿಡಿ.

ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಕೆಂಧೂಳು ಕೂದಲೆಳೆಯಷ್ಟು ಸಂದಿಯಲ್ಲೂ ನುಗ್ಗುತ್ತದೆ. ಅದಕ್ಕೇ ಗಾಜು, ಮೌಂಟ್, ಹಿಂದಿನ ಬೋರ್ಡ್ ಮೂರನ್ನೂ ಸೇರಿಸಿ ಅಂಚಿಗೆ ಸುತ್ತಲೂ ಕಾಗದದ ಪಟ್ಟಿ ಸುತ್ತಿದ ಮೇಲೆಯೇ ಚೌಕಟ್ಟಿಗೆ ಕೂರಿಸುವುದು. ಚೌಕಟ್ಟಿನ ಹಿಂಬದಿಯ ಕೆಳಮೂಲೆಗಳಿಗೆ ಕಾರ್ಕ್ ತುಂಡು ಅಂಟಿಸಿದರೆ ಹಿಂದೆ ಗಾಳಿ ಆಡಿ ಬೂಷ್ಟು ಕಟ್ಟುವುದಿಲ್ಲ. ಬಿಸಿಲಿಗೆ ಕಾಯುವ ಪಡುವಣ ಗೋಡೆಗಂತೂ ತೂಗುಹಾಕಲೇಬೇಡಿ.

ಕಲಾವಿದರ ಹೆಸರು, ವರ್ಷ, ಮಾಧ್ಯಮ, ಕೊಂಡ ದಿನ ಬರೆದ ಚೀಟಿ ಹಿಂದಿನ ಹೊದಿಕೆಯ ಮೇಲಿರಲಿ. ಚಿತ್ರದ ಬೆನ್ನಿಗೇ ಬರೆಯುವುದಾದರೆ ಮೆತ್ತನೆ ಪೆನ್ಸಿಲಿನಲ್ಲಿ, ಕೆಳಂಚಿಗೆ, ಒತ್ತದೆ. ಬಾಲ್‌ಪೆನ್ನಿನ ಗೆರೆ ಮುಂದಕ್ಕೆ ಮೂಡುತ್ತದೆ. ಹಳೆಯ ಗ್ಯಾಲರಿ ಚೀಟಿ ಸಿಕ್ಕರೆ ಕಿತ್ತೆಸೆಯಬೇಡಿ. ಪಾರದರ್ಶಕ ಲಕೋಟೆಯಲ್ಲಿಟ್ಟು ಹೊಸ ಹೊದಿಕೆಗೆ ಸೇರಿಸಿ.