ಕಳೆ ಔಷಧಿ ಹೊಡೆದ ಮೇಲೆ ಸೋಯಾ ಬೇರು ಅಗೆದು ನೋಡಿ

ಸೋಯಾಬೀನ್ ಹೊಲಕ್ಕೆ ಇಮಾಜೆಥಾಪೈರ್ ಎಂಬ ಕಳೆ ಔಷಧಿ ಹೊಡೆಯುವವರು ಈ ಸಲ ನಾಲ್ಕು ಸಾಲು ಬಿಟ್ಟು ಹೊಡೆಯಿರಿ. ಹೊಡೆದ ಕಡೆಯ ಬೇರು, ಬಿಟ್ಟ ಕಡೆಯ ಬೇರು ಹೋಲಿಸಿದರೆ ಔಷಧಿಯಿಂದ ಮಣ್ಣಿನ ಬ್ಯಾಕ್ಟೀರಿಯಾಕ್ಕೆ ಪೆಟ್ಟು ಬಿದ್ದಿದೆಯೋ ಇಲ್ಲವೋ ಅಂದಾಜು ಸಿಗುತ್ತದೆ. ಆ ಸಾಲುಗಳ ಕಳೆಯನ್ನು ಕೈಯಿಂದಲೇ ಕಿತ್ತು ಹಾಕಿ, ಇಲ್ಲದಿದ್ರೆ ಕೊನೆಗೆ ಕಂಡದ್ದು ಕಳೆಯ ಕಾಟವೋ ಔಷಧಿಯದ್ದೋ ಗೊತ್ತಾಗುವುದಿಲ್ಲ. ಬದುವಿನ ಪಕ್ಕದ ಸಾಲು ಬೇಡ. ಅಲ್ಲಿ ನೀರು ನಿಲ್ಲುತ್ತದೆ, ಮಣ್ಣೂ ಬೇರೆ. ಬೀಜೋಪಚಾರ, ಯೂರಿಯಾ ಎರಡೂ ಕಡೆ ಒಂದೇ ಥರ ಇರಲಿ. ಯೂರಿಯಾ ಜಾಸ್ತಿ ಆದರೂ ಬೇರುಗಂಟು (ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ಇರುವ, ಬೇರಿನ ಮೇಲಿನ ಗಂಟು) ಕಮ್ಮಿಯಾಗುತ್ತವೆ, ಆಮೇಲೆ ಸುಮ್ನೆ ಔಷಧಿಯನ್ನು ಬೈಯಬೇಕಾಗುತ್ತದೆ.

ಈ ಔಷಧಿ ಗಿಡದ ಬೆಳವಣಿಗೆಗೆ ಬೇಕಾದ ಎಎಲ್‌ಎಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತದೆ. ನಮಗೆ, ದನಕ್ಕೆ ಆ ಕಿಣ್ವ ಇಲ್ಲ. ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಇದೆ! ಹಾಗಂತ ಎಲ್ಲವೂ ಸಾಯುತ್ತವೆ ಅಂದ್ಕೋಬೇಡಿ. ಕೆಲವು ಸೊರಗುತ್ತವೆ, ಕೆಲವು ಕ್ಯಾರೇ ಅನ್ನಲ್ಲ, ಇನ್ನು ಕೆಲವು ಔಷಧಿಯನ್ನೇ ಒಡೆದು ಮುಗಿಸುತ್ತವೆ, ಅದು ಮಣ್ಣಿನಿಂದ ಹೋಗುವುದೂ ಬಹುಪಾಲು ಇವುಗಳಿಂದಲೇ. ಮಳೆ ಕೈಕೊಟ್ಟು ಮಣ್ಣು ಒಣಗಿದ್ರೆ ಅವುಗಳ ಕೆಲಸ ನಿಧಾನ. ಆಗ ಔಷಧಿ ಹಿಂಗಾರಿ ಬೆಳೆಯವರೆಗೂ ಉಳಿದೀತು.

ಬ್ಯಾಕ್ಟೀರಿಯಾ ಕಣ್ಣಿಗೆ ಕಾಣಲ್ಲ, ಆದರೆ ಸಾರಜನಕ ಹಿಡಿಯುವ ರೈಜೋಬಿಯಂ ಬ್ಯಾಕ್ಟೀರಿಯಾದ ಮನೆ, ಅಂದರೆ ಬೇರುಗಂಟು, ಕಾಣುತ್ತದೆ ಅಲ್ವಾ? ಹೂ ಬಿಡುವ ಹೊತ್ತಿಗೆ ಎರಡೂ ಕಡೆಯಿಂದ ಹತ್ತತ್ತು ಗಿಡ ತೆಗೆಯಿರಿ. ಚೆನ್ನಾಗಿರುವ ಗಿಡವನ್ನೇ ಆರಿಸಬೇಡಿ, ಹತ್ತು ಹೆಜ್ಜೆಗೊಂದು ಸಾಕು. ಜಗ್ಗಿ ಕೀಳಬಾರದು, ಎರೆಮಣ್ಣಲ್ಲಿ ಅರ್ಧ ಗಂಟು ಅಲ್ಲೇ ಉಳಿಯುತ್ತವೆ. ಸುತ್ತ ಒಂದು ಗೇಣು ಬಿಟ್ಟು ಸಲಿಕೆಯಿಂದ ಮಣ್ಣಿನ ಹೆಂಟೆ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಮೆಲ್ಲಗೆ ಅಲುಗಾಡಿಸಿ. ಮಣ್ಣು ತಾನಾಗೇ ಬಿಡುತ್ತದೆ.

ಗಂಟು ಎಣಿಸಿ ಬರೆದುಕೊಳ್ಳಿ. ಆಮೇಲೆ ದಪ್ಪನೆಯ ಐದಾರು ಗಂಟನ್ನು ಬ್ಲೇಡಿನಿಂದ ಸೀಳಿ. ಒಳಗೆ ಗುಲಾಬಿ, ಕೆಂಪು ಬಣ್ಣ ಇದ್ದರೆ ಸಾರಜನಕ ಹಿಡಿಯುವ ಕೆಲಸ ನಡೀತಿದೆ. ಬಿಳಿ ಇದ್ದರೆ ಎಳೆಯದು, ಇಲ್ಲವೇ ದಂಡದ್ದು. ಹಸಿರು, ಕಂದು ಇದ್ದರೆ ಅದರ ಕಥೆ ಮುಗೀತು.

ಒಂದು ಎಚ್ಚರ. ಔಷಧಿ ಹೊಡೆದ ಕಡೆ ಗಿಡವೇ ಹಳದಿಯಾಗಿ ಗಿಡ್ಡವಾಗಿದ್ದರೆ ಗಂಟು ಕಮ್ಮಿ ಇರುವುದು ಸಹಜ, ಏಕೆಂದರೆ ಬ್ಯಾಕ್ಟೀರಿಯಾಕ್ಕೆ ಊಟ ಹಾಕುವುದು ಗಿಡ. ಎರಡೂ ಕಡೆ ಗಿಡ ಒಂದೇ ಎತ್ತರ ಇದ್ದು ಗಂಟು ಮಾತ್ರ ಕಮ್ಮಿ ಇದ್ದರೆ ಬ್ಯಾಕ್ಟೀರಿಯಾಕ್ಕೇ ಪೆಟ್ಟು ಬಿದ್ದಿರಬಹುದು.

ಹೊಲದ ತುದಿಯಲ್ಲೂ ಎರಡು ಗಿಡ ಅಗೆಯಿರಿ. ನನಗೆ ಹೋದ ವರ್ಷ ಕಣ್ಣಿಗೆ ಹೊಡೆಯುವಂಥ ವ್ಯತ್ಯಾಸ ಸಿಕ್ಕಿದ್ದು ಅಲ್ಲೇ. ಪಂಪ್ ಹೊತ್ತು ತಿರುಗುವಾಗ ನಳಿಕೆ ಬಂದ್ ಮಾಡಿರಲಿಲ್ಲ, ಅದೇ ಜಾಗಕ್ಕೆ ಎರಡೆರಡು ಸಲ ಬಿದ್ದಿತ್ತು.